ಆಟಕ್ಕೆ ಕೊಟ್ಟ ಜಾಗ

ಕಾಶಿರಾಯನಿಗೆ ಆಟ ಆಡುವುದಕ್ಕಿಂತ ಆಟ ನಡೆಸಿ ತೋರಿಸುವುದೇ ಹೆಚ್ಚು ಖುಷಿ. ಈ ಮಾತನ್ನು ಬಿಡಿಸಿ ಹೇಳದಿದ್ದರೆ ಅವನ ಕೈಯಿಂದ ಆದ ಅನಾಹುತ ಯಾರಿಗೂ ಅರ್ಥವಾಗುವುದಿಲ್ಲ. ಆದ್ದರಿಂದ ಅಲ್ಲಿಂದಲೇ ಸುರು ಮಾಡಬೇಕು.

ಊರು ಕಮಲಾಪುರ. ಕಲಬುರಗಿಯ ಬ್ರಹ್ಮಪುರದಲ್ಲಿ ಒಂದು ಫೋಟೋ ಸ್ಟುಡಿಯೊ ಇಟ್ಟುಕೊಂಡಿದ್ದ. ಸ್ಟುಡಿಯೊ ಎಂದರೆ ಭಾರಿ ಏನಲ್ಲ. ಮುಂದೆ ಕೌಂಟರು, ಹಿಂದೆ ನೀಲಿ ಪರದೆ, ಕೂಡಲು ಸ್ಟೂಲು, ಗೋಡೆಗೆ ಕನ್ನಡಿ, ದಾರ ಕಟ್ಟಿದ ಬಾಚಣಿಗೆ. ಮೂಲೆಯಲ್ಲಿ ಕಂಪ್ಯೂಟರು, ಸ್ಕ್ಯಾನರು, ಪ್ರಿಂಟರು. ಎರಡು ಸಾವಿರದ ಆರರ ಸುಮಾರಿನ ಮಾತು ಇದು. ರೀಲು ಹೋಗಿ ಡಿಜಿಟಲ್ ಬಂದಿತ್ತು. ಜನ ಫೋಟೋಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಬರತೊಡಗಿದ್ದರು. ಆ ಪೆನ್‌ಡ್ರೈವ್‌ಗಳಲ್ಲಿ ಫೋಟೋಗಿಂತ ವೈರಸ್ಸೇ ಜಾಸ್ತಿ. ಮದುವೆಯ ಸೀಸನ್ನಿನ ನಟ್ಟನಡುವೆ ಅವನ ವಿಂಡೋಸ್ ಮೇಲಿಂದ ಮೇಲೆ ಮಲಗಿತು. ತಲೆ ಕೆಟ್ಟು ಹೋದ ಕಾಶಿರಾಯ, ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದಿದ್ದ ಲಿನಕ್ಸ್ ಸಿಡಿಯನ್ನು ತುರುಕಿ, ಇದ್ದದ್ದನ್ನೆಲ್ಲ ತೊಳೆದು, ಹೊಸದಾಗಿ ಸಂಸಾರ ಹೂಡಿದ.

ಲಿನಕ್ಸ್ ಯಾವ ಒಬ್ಬ ಸಾಹುಕಾರನ ಸ್ವತ್ತೂ ಅಲ್ಲ. ಯಾರು ಬೇಕಾದರೂ ಒಳಗೆ ಕೈಹಾಕಿ ನೋಡಬಹುದು, ತಿದ್ದಬಹುದು, ಹಂಚಬಹುದು. ಗಿರಾಕಿಗಳ ವೈರಸ್ಸು ಅಲ್ಲಿ ಬಂದು ಕೂತರೂ ಬೇಳೆ ಬೇಯುತ್ತಿರಲಿಲ್ಲ. ಅಂದಿನಿಂದ ಕಾಶಿರಾಯ ಅದರ ಭಕ್ತನಾದ. ಪಾಸ್‌ಪೋರ್ಟ್ ಫೋಟೋಗೆಂದು ಗೋಣು ನೆಟ್ಟಗೆ ಮಾಡಿ ಕೂತವರಿಗೂ ಅವನ ಉಪದೇಶ ತಪ್ಪುತ್ತಿರಲಿಲ್ಲ. ಪಾಪ, ಅವರಿಗೆ ಅಲ್ಲಾಡುವ ಹಾಗಿಲ್ಲ, ಎದ್ದು ಹೋಗುವ ಹಾಗೂ ಇಲ್ಲ.

ಈ ಭಕ್ತಿಗೆ ಕಡ್ಡಿ ಆಡಿಸಿದವನು ಪಕ್ಕದ ಅಂಗಡಿಯ ಖಾಜಾ. ಅವನದು ಸೈಬರ್ ಕೆಫೆ. ಕಾಲೇಜು ಹುಡುಗರು ಸಾಲಾಗಿ ಕೂತು ಕಾರು ಓಡಿಸುವ ಆಟ ಆಡುತ್ತಿದ್ದರು. ಟೈರು ಕಿರುಗುಟ್ಟುವ ಸದ್ದು ಗೋಡೆ ದಾಟಿ ಸ್ಟುಡಿಯೊದ ತನಕ ಬರುತ್ತಿತ್ತು.

"ಕಾಶಿ ಭಾಯ್, ನಿನ್ನ ಲಿನಕ್ಸ್ ಭಾಳ ಶರೀಫ್ ಅದ, ಒಪ್ಪಿದೆ," ಎಂದ ಖಾಜಾ ಒಂದು ದಿನ ಚಹಾ ಕುಡಿಯುತ್ತ. "ಆದ್ರ ನಮ್ಮ ಹುಡುಗರು ಆಡ್ತಾರಲ್ಲ, ಆ ಒಂದು ಗೇಮ್ ಅದರಾಗ ನಡೀತದೇನು? ಅದು ನಡೀಲಿಲ್ಲಂದ್ರ ಬರೇ ಪೂಜಾ ಮಾಡ್ಲಿಕ್ಕ ಇಟ್ಟಂಗಾತು."

"ನಡಸ್ತೀನಿ ನೋಡ್ತಿರು," ಎಂದ ಕಾಶಿರಾಯ. ಅಂದದ್ದೇನೋ ಅಂದುಬಿಟ್ಟ, ಆ ಆಟ ಮಾಡಿದವರು ಅದನ್ನು ವಿಂಡೋಸ್‌ಗೆಂದೇ ಮಾಡಿದ್ದರು. ಆದರೆ ವೈನ್ ಎಂಬ ಒಂದು ಪ್ರೋಗ್ರಾಂ ಇತ್ತು. ಅದು ಲಿನಕ್ಸ್‌ನ ಒಳಗೆ ಕೂತು, ಬಂದ ಆಟಕ್ಕೆ ನೀನು ವಿಂಡೋಸ್‌ನಲ್ಲೇ ಇದ್ದೀಯಪ್ಪಾ ಎಂದು ನಂಬಿಸುವಂಥದ್ದು. ನಂಬಿಸುವುದು ಸುಲಭವಲ್ಲ. ಒಮ್ಮೆ ಪರದೆ ಕಪ್ಪಗಾಗಿ ನಿಲ್ಲುವುದು, ಒಮ್ಮೆ ಸದ್ದು ಬಂದರೆ ಚಿತ್ರವಿಲ್ಲ, ಚಿತ್ರ ಬಂದರೆ ರಸ್ತೆ ಇದೆ, ಕಾರಿಲ್ಲ. ಇಂಟರ್‌ನೆಟ್‌ನಲ್ಲಿ ಯಾವ ಯಾವ ದೇಶದವರೋ ಬರೆದಿಟ್ಟ ಉಪಾಯಗಳನ್ನು ಖಾಜಾನ ಅಂಗಡಿಯಲ್ಲೇ ಪ್ರಿಂಟ್ ತೆಗೆದು ತಂದು, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಒಂದೊಂದೇ ಸಾಲು ತಿದ್ದುತ್ತ ಕೂಡುತ್ತಿದ್ದ. ಹುಚ್ಚು ಎಂದರೆ ಹುಚ್ಚು. ಎದುರಿಗೆ ಬಂದು ನಿಂತ ಗಿರಾಕಿಯೂ ಕಾಣದಷ್ಟು ಹುಚ್ಚು.

ಆಟವನ್ನು ಎಲ್ಲಿ ಇಡುವುದು ಎಂಬುದೂ ಒಂದು ತೊಡಕಾಗಿತ್ತು. ಕಂಪ್ಯೂಟರಿನಲ್ಲಿ ಜಾಗ ಉಳಿದದ್ದು ಅಂಗಡಿಯ ಫೋಟೋಗಳನ್ನು ತುಂಬಿದ್ದ ದೊಡ್ಡ ಫೋಲ್ಡರ್ ಇರುವ ಡಿಸ್ಕಿನಲ್ಲಿ ಮಾತ್ರ. ದಾರಿ, ಅಂದರೆ ಫೋಲ್ಡರಿನೊಳಗೆ ಫೋಲ್ಡರ್ ಸೇರಿದ ವಿಳಾಸ, ಉದ್ದವಾದರೆ ಆಟ ಮುಗ್ಗರಿಸುತ್ತದೆ, ಚಿಕ್ಕ ದಾರಿ ಕೊಡು ಎಂದು ಯಾರೋ ಬರೆದಿದ್ದರು. ಕಾಶಿರಾಯ ಬೇರೆ ಫೋಲ್ಡರ್ ಮಾಡುವ ತಂಟೆಗೆ ಹೋಗದೆ ಆ ಫೋಟೋ ಫೋಲ್ಡರನ್ನೇ ಆಟಕ್ಕೆ ತೋರಿಸಿ, ಇಲ್ಲೇ ಇರು ಎಂದ. ಆಟ ಒಪ್ಪಿತು. ಮದುವೆ, ಸೀಮಂತ, ಜವಳದ ಫೋಟೋಗಳ ನಡುವೆ ಕಾರುಗಳು ಬಂದು ನಿಂತವು. ಪರದೆಯ ಮೇಲೆ ಮೊದಲ ಕಾರು ಹೊರಟ ದಿನ ಅವನು ಒಂದು ಸುತ್ತು ಕೂಡ ಪೂರ್ತಿ ಓಡಿಸಲಿಲ್ಲ. ಓಡಿತಲ್ಲ, ಅಷ್ಟೇ ಸಾಕಾಗಿತ್ತು ಅವನಿಗೆ.

ಹೀಗಿರುವಾಗ ದುಂಡಮ್ಮ ಬಂದಳು. ಕಮಲಾಪುರದಲ್ಲಿ ಕಾಶಿರಾಯನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ಕೆಂಪು ಬಾಳೆಹಣ್ಣು ಮಾರುವವಳು. ಇವನು ಊರಿಗೆ ಬರುವ ಬಸ್ಸಿನ ಕಿಟಕಿಯಲ್ಲಿ ಕಂಡರೆ ಸಾಕು, ಒಂದು ಹಣ್ಣು ಮುರಿದು ಒಳಗೆ ಚಾಚುವಳು, ಬೇಡವೆಂದರೆ ಕೇಳುವವಳಲ್ಲ. ಗಂಡ ಮರೆಪ್ಪ ಹಣ್ಣಿನ ಲಾರಿಗಳಿಗೆ ಹಮಾಲಿ ಮಾಡುತ್ತಿದ್ದವನು, ಮಗಳು ಜಯದೇವಿ ಇನ್ನೂ ನಡೆಯಲು ಕಲಿಯುವ ಮೊದಲೇ ಜ್ವರದಿಂದ ತೀರಿಕೊಂಡಿದ್ದ. ಆಗ ಕಾಶಿರಾಯನೂ ಸಣ್ಣವನು. ಮರೆಪ್ಪನ ಹೆಗಲು ನೆನಪಿತ್ತು, ಮುಖ ನೆನಪಿರಲಿಲ್ಲ.

ಸೆರಗಿನೊಳಗಿಂದ ಒಂದು ಸಣ್ಣ ಫ್ರೇಮು ತೆಗೆದು ಕೌಂಟರಿನ ಮೇಲಿಟ್ಟಳು. "ಜಯದೇವಿ ಲಗ್ನ ಗೊತ್ತಾಗ್ಯದ ತಮ್ಮಾ. ಹಂದರದಾಗ ಇವರನ್ನ ಕುರ್ಚಿ ಮ್ಯಾಲ ಕೂಡಸಬೇಕು. ದೊಡ್ಡದು ಮಾಡಿ ಕೊಡು."

ಅವರಲ್ಲಿ ಹಂದರದ ಮೊದಲ ಆಯೇರಿ, ಅಂದರೆ ಧೋತರ ಶಲ್ಯದ ಉಡುಗೊರೆ, ಹೆಣ್ಣಿನ ತಂದೆಗೆ. ತಂದೆ ಇಲ್ಲದಿದ್ದರೆ ಅವನ ಫೋಟೋವನ್ನು ಕುರ್ಚಿಯ ಮೇಲೆ ಕೂಡಿಸಿ, ಅದಕ್ಕೆ ಹೊದಿಸಿ, ಆಮೇಲೆ ಉಳಿದವರಿಗೆ. ಮದುಮಗಳು ಮೊದಲು ಬಾಗುವುದೂ ಆ ಕುರ್ಚಿಗೆ.

"ಇದೊಂದೇ ಅದ ನೋಡು," ಎಂದಳು ದುಂಡಮ್ಮ. "ಜ್ವಾಕಿ."

ಹಳೆಯ ಕಪ್ಪು ಬಿಳುಪಿನ ಫೋಟೋ. ಮಳೆಗಾಲದ ತೇವಕ್ಕೆ ಫ್ರೇಮಿನ ಗಾಜಿಗೇ ಅಂಟಿಕೊಂಡಿತ್ತು, ಎಷ್ಟೋ ವರ್ಷಗಳಿಂದ ಬೂಷ್ಟು ಹರಡಿ ಬರಿಗಣ್ಣಿಗೆ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಕಾಶಿರಾಯ ಗಾಜಿನ ಸಮೇತ ಸ್ಕ್ಯಾನ್ ಮಾಡಿದ. ಒಂದು ಇಡೀ ಮಧ್ಯಾಹ್ನ ಕೂತು, ಮುಖವನ್ನು ಪರದೆಯ ತುಂಬ ದೊಡ್ಡದು ಮಾಡಿಕೊಂಡು, ಬೂಷ್ಟು ಕಟ್ಟಿದ ಚುಕ್ಕೆಗಳನ್ನು ಒಂದೊಂದಾಗಿ ಒರೆಸಿದ. ಅಷ್ಟು ಹತ್ತಿರದಿಂದ ಅವನು ತನ್ನ ಅಪ್ಪನ ಮುಖವನ್ನೂ ನೋಡಿರಲಿಲ್ಲ. ಕೆಲಸ ಚೆನ್ನಾಗಿಯೇ ಆಗಿತ್ತು. ಆದರೆ ಗಾಜಿನ ಗೀರು ಒಂದೆರಡು ಉಳಿದಿದ್ದವು, ಅವನಿಗೆ ಸಮಾಧಾನವಿಲ್ಲ. ಫೋಟೋವನ್ನು ಗಾಜಿನಿಂದ ಬಿಡಿಸಿದರೆ ಇನ್ನೂ ಚಂದ ಬಂದೀತು ಎಂದು ನೀರಲ್ಲಿ ನೆನೆಹಾಕಿ ಮೆಲ್ಲಗೆ ಎಳೆದ. ಕಾಗದ ಕೈಗೆ ಬಂತು, ಮುಖ ಗಾಜಿಗೇ ಉಳಿಯಿತು. ಒರೆಸಲು ಹೋದರೆ ಅದೂ ಕೆನೆಯ ಹಾಗೆ ಕಲಸಿಹೋಯಿತು.

ಆದರೂ ಸ್ಕ್ಯಾನ್ ಇತ್ತಲ್ಲ ಎಂದು ಉಸಿರು ಬಿಟ್ಟ. ಆ ಭಾನುವಾರ ಊರಿಗೆ ಹೋಗಿ ದುಂಡಮ್ಮನಿಗೆ ಇದ್ದದ್ದು ಇದ್ದಂತೆ ಹೇಳಿದ. ಅಷ್ಟರ ಮಟ್ಟಿಗೆ ಅವನು ಇನ್ನೂ ನೆಟ್ಟಗಿದ್ದ.

"ಕಂಪ್ಯೂಟರ್ದಾಗ ಅದ ಅಲ್ಲ?" ಎಂದು ಕೇಳಿದಳು.

"ಅದ ಅವ್ವಾ. ಅಸಲಿಗಿಂತ ಚೊಲೊ ಅದ."

"ಹಂಗಾರ ಚಿಂತಿಲ್ಲ ಬಿಡು. ಗೋಡಿ ಮ್ಯಾಲಿದ್ರ ಹುಳ ತಿಂತಿತ್ತು," ಎಂದು ಹಣ್ಣು ಕೊಟ್ಟು ಕಳಿಸಿದಳು.

ಕಾಶಿರಾಯನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಅಮಾವಾಸ್ಯೆಗೆ ಕ್ಯಾಮೆರಾ, ಕಂಪ್ಯೂಟರು ಎಲ್ಲ ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆದ ಮೇಲೆ ಆ ತಿಂಗಳ ಫೋಟೋಗಳನ್ನೆಲ್ಲ ಸಿಡಿಗೆ ಬರೆದು ಇಡುವುದು. ನಡುವೆ ಬರೆಯುತ್ತಿರಲಿಲ್ಲ. ಪೂಜೆ ಆಗದೆ ಬರೆದ ಸಿಡಿ ಕೆಡುತ್ತದೆ ಎಂದು ಅವನಿಗೆ ಯಾರು ಹೇಳಿದ್ದರೋ. ಲಿನಕ್ಸ್‌ನ ಒಳಹೊರಗು ಬಲ್ಲವನು ಇದನ್ನೂ ಅಷ್ಟೇ ಗಟ್ಟಿಯಾಗಿ ನಂಬಿದ್ದ. ಮರೆಪ್ಪನ ಮುಖ ಬಂದದ್ದು ಅಮಾವಾಸ್ಯೆ ಕಳೆದ ಮೇಲೆ, ಹಾಗಾಗಿ ಅದು ಇನ್ನೂ ಆ ಫೋಟೋ ಫೋಲ್ಡರಿನಲ್ಲಿ ಮಾತ್ರ ಇತ್ತು.

ಆ ವಾರವೇ ಖಾಜಾ ತನ್ನ ಗಿರಾಕಿ ಹುಡುಗರನ್ನು ಕರೆದುಕೊಂಡು ಆಟ ನೋಡಲು ಬರುತ್ತೇನೆಂದ. ಆಟ ಒಂದು ತಿರುವಿನಲ್ಲಿ ಮೇಲಿಂದ ಮೇಲೆ ನಿಂತುಬಿಡುತ್ತಿತ್ತು. ತುಂಬಿದ ಸಭೆಯಲ್ಲಿ ಮರ್ಯಾದೆ ಹೋಗಬಾರದೆಂದು ಕಾಶಿರಾಯ, ಪೂರ್ತಿ ತೆಗೆದು ಹೊಸದಾಗಿ ಹಾಕೋಣ ಎಂದುಕೊಂಡ. ಆಟದ ಜೊತೆಗೇ ಬಂದಿದ್ದ ತೆಗೆಯುವ ಬಟನ್ ಒತ್ತಿದ. ತೆಗೆಯಲು ಅಂದುಕೊಂಡದ್ದಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿಯಿತು. ಅವನು ಆ ಹೊತ್ತಿನಲ್ಲಿ ಎದ್ದು ಚಹಾ ಹೇಳಿ ಬಂದ. ಮತ್ತೆ ಸಿಡಿ ಹಾಕಿ, ಮತ್ತೆ ಅದೇ ಜಾಗ ತೋರಿಸಿ, ಹೊಸದಾಗಿ ಕೂಡಿಸಿದ. ಸಂಜೆ ಹುಡುಗರು ಬಂದರು. ಕಾರು ಎಲ್ಲೂ ನಿಲ್ಲದೆ ತಿರುವು ದಾಟಿತು. "ಮಾನ್‌ಗಯೇ ಭಾಯ್, ಒಪ್ಪಿದೆ ನಿನ್ನ," ಎಂದು ಖಾಜಾ ಅವನ ಬೆನ್ನು ತಟ್ಟಿದ. ಕಾಶಿರಾಯ ಮೀಸೆ ತಿರುವಿಕೊಳ್ಳುವುದೊಂದೇ ಬಾಕಿ.

ಮರುದಿನ ದುಂಡಮ್ಮನ ಫೋಟೋ ಪ್ರಿಂಟ್ ಹಾಕಲೆಂದು ಫೋಲ್ಡರ್ ತೆರೆದ. ಬರೀ ಆಟ. ಒಂದೂ ಫೋಟೋ ಇಲ್ಲ.

ಬಾಡಿಗೆಗೆ ಬಂದವನು ಮನೆ ಬಿಡುವಾಗ ತನ್ನ ಗಂಟಿನ ಜೊತೆ ಮಾಲೀಕನ ಪಾತ್ರೆ ಪಗಡೆಯನ್ನೂ ಎತ್ತಿಕೊಂಡು ಹೋದಂತೆ ಆಗಿತ್ತು. ಆಟ ತೆಗೆಯುವ ಪ್ರೋಗ್ರಾಂ ತಾನಿದ್ದ ಫೋಲ್ಡರೆಲ್ಲ ತನ್ನದೇ ಎಂದು ತಿಳಿದು ಗುಡಿಸಿ ಹಾಕಿತ್ತು. ಅದರ ತಪ್ಪೇನು, ಆ ಜಾಗ ನಿನ್ನದು ಎಂದು ಕೊಟ್ಟವನು ಇವನೇ. ಅಷ್ಟಕ್ಕೇ ನಿಂತಿದ್ದರೂ ಅಳಿಸಿದ್ದನ್ನು ಹಿಂದೆ ತರುವ ದಾರಿಗಳಿದ್ದವು. ಆದರೆ ಖಾಲಿಯಾದ ಆ ಜಾಗದ ಮೇಲೆಯೇ ಆಟವನ್ನು ಮತ್ತೆ ಬರೆದಿದ್ದ. ಹುಡುಗರೆಲ್ಲ ಚಪ್ಪಾಳೆ ಹೊಡೆಯುವಾಗ ತನ್ನ ಕಾರು ಓಡಿದ್ದು ಮರೆಪ್ಪನ ಮುಖದ ಮೇಲೆ ಎಂದು ಅವನಿಗೆ ಅನಿಸಿತು.

ಖಾಜಾ ಎಲ್ಲಿಂದಲೋ ಒಂದು ಪ್ರೋಗ್ರಾಂ ತಂದು ಕೊಟ್ಟ. ಅದು ಕೆದಕಿ ಕೆದಕಿ ಚೂರುಪಾರು ಫೋಟೋಗಳನ್ನು ಎತ್ತಿತು. ಉಳಿದ ಗಿರಾಕಿಗಳದ್ದು ಹೇಗೋ ನಿಭಾಯಿಸಿದ, ಕ್ಯಾಮೆರಾದ ಕಾರ್ಡಿನಲ್ಲಿ ಕೆಲವು ಉಳಿದಿದ್ದವು. ಮರೆಪ್ಪನದು ಮೇಲಿನ ಪಟ್ಟಿ ಮಾತ್ರ ಬಂತು. ಬೈತಲೆ ತೆಗೆದ ಕೂದಲು, ಹಣೆ, ಹುಬ್ಬು. ಹುಬ್ಬಿನ ಕೆಳಗೆ ಬರೀ ಬೂದು ಬಣ್ಣ.

ಡಿಸ್ಕ್ ಸುಟ್ಟು ಹೋಗಿದ್ದರೆ ಕಾಶಿರಾಯ ಹೇಳುತ್ತಿದ್ದ. ಸಿಡಿಲು ಬಡಿದಿದ್ದರೆ, ಕಳ್ಳತನವಾಗಿದ್ದರೆ ಹೇಳುತ್ತಿದ್ದ. ಆದರೆ ನಿನ್ನ ಗಂಡನ ಮುಖವನ್ನು ಒಂದು ಕಾರಿನ ಆಟಕ್ಕೆ ಕಳೆದೆ ಎಂದು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಹಂದರ ಹಾಕುವ ದಿನ ಹತ್ತಿರ ಬಂದಿತ್ತು.

ಅವನು ಕ್ಯಾಮೆರಾ ತೆಗೆದುಕೊಂಡು ಕೋಟನೂರಿಗೆ ಹೋದ. ಅಲ್ಲಿ ಮರೆಪ್ಪನ ತಮ್ಮ ಅಮೋಘಪ್ಪ ಇದ್ದ.

"ಮದುವಿ ಮನಿ ಹಿರೇರ ಫೋಟೋ ತೆಗ್ಯಾಕತ್ತೀನ್ರಿ," ಎಂದು ಸುಳ್ಳು ಹೇಳಿದ.

ಅಮೋಘಪ್ಪ ಖುಷಿಯಿಂದ ರುಮಾಲು ಸುತ್ತಿಕೊಂಡು ಬಂದ.

"ರುಮಾಲ ಬ್ಯಾಡ್ರೀ, ಹಂಗೇ ಕೂಡ್ರಿ," ಎಂದ ಕಾಶಿರಾಯ. ಅಮೋಘಪ್ಪ ಮಕ್ಕಳ ಹಾಗೆ ಹೇಳಿದಂತೆ ಕೇಳಿದ.

ಆಮೇಲಿನದು ಕೈಚಳಕದ ಕೆಲಸ. ಹಣೆ ಅಣ್ಣನದು, ಕಣ್ಣಿನಿಂದ ಕೆಳಗೆ ತಮ್ಮನದು. ನೆರಿಗೆ ಅಳಿಸಿದ, ಬಣ್ಣ ತೆಗೆದ, ಹಳೆಯದು ಕಾಣಲೆಂದು ತುಸು ಮಬ್ಬು ಮಾಡಿದ. ಪರದೆಯಲ್ಲಿ ಮೂಡಿದ ಮುಖ ಮರೆಪ್ಪನದಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಸಲು ಮುಖವನ್ನು ಕಂಡರೆ ಗುರುತು ಹಿಡಿದಾನು, ಬರೆದು ತೋರಿಸು ಎಂದರೆ ಅವನ ಕೈಗೆ ಆ ವಿದ್ಯೆ ಇರಲಿಲ್ಲ. ಎಷ್ಟು ತಿದ್ದಿದರೂ ಅಮೋಘಪ್ಪನೇ ಎದ್ದು ಬರುತ್ತಿದ್ದ.

ಹಂದರದಲ್ಲಿ ಕುರ್ಚಿಯ ಮೇಲೆ ದೊಡ್ಡ ಫ್ರೇಮು ಕೂತಿತು. ಅದಕ್ಕೆ ಶಲ್ಯ ಹೊದಿಸಿದರು, ಧೋತರ ಮುಂದಿಟ್ಟರು. ಪಕ್ಕದ ಕುರ್ಚಿಯಲ್ಲಿ ಅಮೋಘಪ್ಪ. "ಅಣ್ಣ ತಮ್ಮ ಒಂದೇ ಅಚ್ಚಿನ್ಯಾಗ ತೆಗದಂಗ ಅದಾರ," ಎಂದು ಹೆಂಗಸರು ಮಾತಾಡಿಕೊಂಡರು. ಜಯದೇವಿ ಬಾಸಿಂಗ ಕಟ್ಟಿಕೊಂಡು ಬಂದು ಆ ಮುಖಕ್ಕೆ ಬಾಗಿದಳು. ಅಪ್ಪನನ್ನು ಬೇರೆ ಹೇಗೂ ಕಾಣದ ಹುಡುಗಿ, ಬಾಗಿದವಳು ಏಳಲು ಹೊತ್ತು ಮಾಡಿದಳು. ಫೋಟೋ ತೆಗೆಯುವ ನೆವದಿಂದ ಕಾಶಿರಾಯ ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಲೇ ಇಲ್ಲ. ದುಂಡಮ್ಮ ಮಾತ್ರ ಫ್ರೇಮಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ಧೂಳಿಲ್ಲದ ಗಾಜನ್ನು ಸೆರಗಿನಿಂದ ಒರೆಸಿದಳು.

"ಭಾಳ ಬ್ಯಾರೆ ಕಾಣ್ತಾರ," ಎಂದಳು. "ಎಷ್ಟು ವರ್ಷ ಆತು ನೋಡು. ನಾನೇ ಮರತಿರಬೇಕು."

ಆಮೇಲೆ ಕಾಶಿರಾಯ ಆಟವನ್ನು ಕಿತ್ತು ಹಾಕಿದ. ಲಿನಕ್ಸ್ ಬಿಡಲಿಲ್ಲ, ಅದು ಏನು ಪಾಪ ಮಾಡಿತ್ತು? ಆದರೆ ಅವನು ಆಟ ನಡೆಸಿದ ಸುದ್ದಿ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು. ಜೇವರ್ಗಿ ಕಾಲೋನಿಯಿಂದ ಎಂಜಿನಿಯರಿಂಗ್ ಹುಡುಗರು ಹುಡುಕಿಕೊಂಡು ಬಂದು, ಅಣ್ಣಾ ನಮ್ಮ ಲಿನಕ್ಸ್‌ನ್ಯಾಗೂ ನಡಸಿ ಕೊಡ್ರಿ ಎನ್ನುವರು. ಅವನು ನಡೆಸಿ ಕೊಡುತ್ತಿದ್ದ. ಮುಟ್ಟುವ ಮೊದಲು ಒಂದೇ ಮಾತು: ಆಟಕ್ಕೆ ಅದರದೇ ಒಂದು ಫೋಲ್ಡರ್ ಮಾಡು, ಅದರಲ್ಲಿ ಬೇರೆ ಏನೂ ಇಡಬೇಡ. ಯಾಕೆಂದು ಕೇಳಿದರೆ ರೇಗುತ್ತಿದ್ದ. ಕಾರು ಓಡತೊಡಗಿದೊಡನೆ ಹುಡುಗರು ಕೂಗುವರು, ಇವನು ಎದ್ದು ಹೊರಗೆ ಹೋಗಿ ನಿಲ್ಲುವನು. ಊರಿಗೆ ಹೋಗುವ ಬಸ್ಸಿನಲ್ಲಿ ಬುಟ್ಟಿಗಳ ಕಡೆಯ ಕಿಟಕಿ ಬಿಟ್ಟು ಆಚೆ ಬದಿಗೆ ಕೂಡಲು ಸುರು ಮಾಡಿದ. ದುಂಡಮ್ಮ ಬಸ್ಸು ಸುತ್ತಿ ಬಂದು ಆಚೆ ಕಿಟಕಿಯಲ್ಲೇ ಹಣ್ಣು ಕೊಟ್ಟಳು. ಆ ಹಣ್ಣನ್ನು ಅವನು ಪಕ್ಕದ ಸೀಟಿನವರಿಗೆ ಕೊಟ್ಟುಬಿಡುತ್ತಿದ್ದ. ನಾಳೆ ಹೇಳುತ್ತೇನೆ, ಹಬ್ಬ ಕಳೆಯಲಿ ಹೇಳುತ್ತೇನೆ ಎನ್ನುತ್ತಲೇ ಕಾಲ ಹೋಯಿತು.

ಜಯದೇವಿ ಬಾಣಂತನಕ್ಕೆ ತವರಿಗೆ ಬಂದಳು. ಗಂಡು ಕೂಸು. ತೊಟ್ಟಿಲ ಕಾರ್ಯಕ್ಕೆ ಫೋಟೋ ತೆಗೆಯಲು ಕಾಶಿರಾಯನಿಗೇ ಕರೆ ಬಂತು. ಪಡಸಾಲೆಯ ಗೋಡೆಗೆ ಅದೇ ಫ್ರೇಮು, ಹೊಸ ಮಾಲೆ. ಕೆಳಗೆ ಅಮೋಘಪ್ಪ ಎಲೆಯಡಿಕೆ ಹಾಕಿಕೊಂಡು ಕೂತಿದ್ದ. ಹೆಂಗಸರು ತೊಟ್ಟಿಲು ಸಿಂಗರಿಸುತ್ತಿದ್ದರು. ದುಂಡಮ್ಮ ಕೂಸನ್ನು ಎತ್ತಿಕೊಂಡು ಇವನನ್ನು ಫ್ರೇಮಿನ ಹತ್ತಿರ ಕರೆದಳು.

"ಈ ಕೂಸನ್ನ ಮೊದಲ ನನ್ನ ಕೈಯಾಗ ಕೊಟ್ಟಾಗ ಇವರೇ ತಿರುಗಿ ಬಂದಾರ ಅಂತ ಜೀವ ಝಲ್ ಅಂತು ತಮ್ಮಾ," ಎಂದಳು ದನಿ ತಗ್ಗಿಸಿ. "ಮನಿಗೆ ತಂದು ಫೋಟೋ ಮುಂದ ಹಿಡದೆ. ಹೋಲಿಕಿ ಇಲ್ಲ. ದಿನಾ ಹಿಡದು ನೋಡ್ತೀನಿ, ಒಂದೂ ಹೋಲಂಗಿಲ್ಲ. ನೀ ಇವರ ಫೋಟೋ ತಿದ್ದಿದಾವ, ಎಷ್ಟೊತ್ತು ನೋಡಿರ್ತೀ. ನೀನರ ಹೇಳು. ಹೋಲಿಕಿ ಅದ ಅಂದ್ರ ಮರೆಪ್ಪ ಅಂತ ಹೆಸರಿಡ್ತೀವಿ. ಇಲ್ಲಂದ್ರ ಬೀಗರು ಹೇಳಿದ್ದು ಇಡ್ಲಿ."

ಕಾಶಿರಾಯ ಬಗ್ಗಿ ನೋಡಿದ. ಎಡಗಣ್ಣಿನ ರೆಪ್ಪೆ ತುಸು ಇಳಿದಿದೆ, ಗದ್ದದ ನಡುವೆ ಬೆರಳಿಟ್ಟು ಒತ್ತಿದಂಥ ಕುಳಿ, ಕೆಳತುಟಿ ಒಂದು ಬದಿಗೆ ಸ್ವಲ್ಪ ಜಾಸ್ತಿ. ಆ ಮಧ್ಯಾಹ್ನ ಪರದೆಯ ತುಂಬ ಇದ್ದ ಮುಖ ಅಷ್ಟೂ ಸೇರಿ ಈ ಅರಿವೆಯ ಗಂಟಿನೊಳಗೆ ಮಲಗಿತ್ತು.

"ಅದ ಅವ್ವಾ," ಎಂದ. "ಅವರೇ ಇದ್ದಂಗ ಅದ."

ದುಂಡಮ್ಮನ ಮುಖ ಅರಳಿತು. ಕೂಸನ್ನು ಎತ್ತಿ ಫ್ರೇಮಿನ ಪಕ್ಕಕ್ಕೆ ಹಿಡಿದಳು. "ಎಲ್ಲಿ ಅದ, ತೋರ್ಸು."

ಕಾಶಿರಾಯನ ಬೆರಳು ಕೂಸಿನ ಗದ್ದದ ತನಕ ಹೋಯಿತು. ಗಾಜಿನೊಳಗಿನ ಗದ್ದ ಸಪಾಟಾಗಿತ್ತು. ಕಣ್ಣು ತೋರಿಸೋಣವೆಂದರೆ ಅಲ್ಲಿ ಅಮೋಘಪ್ಪನ ಎರಡು ಸರಿಸಮ ಕಣ್ಣುಗಳು ಇವನನ್ನೇ ನೋಡುತ್ತಿದ್ದವು. ಬೆರಳು ಹಾಗೇ ಇಳಿಯಿತು. ಹೇಳುವುದಿದ್ದರೆ ಈಗಲೇ ಹೇಳಬೇಕು ಎಂದು ಅವನಿಗೆ ಗೊತ್ತಿತ್ತು. ಬಾಯಿ ತೆರೆದ. ಜಯದೇವಿ ಫೋಟೋಗೆ ಕೈಮುಗಿದು ತೊಟ್ಟಿಲ ಹತ್ತಿರ ಕೂಡುವುದು ಕಂಡಿತು. ಕ್ಯಾಮೆರಾದ ಪಟ್ಟಿಯನ್ನು ಕೊರಳಲ್ಲಿ ಸರಿಮಾಡಿಕೊಂಡ.

"ನನ್ನ ಸಮಾಧಾನಕ್ಕ ಹೇಳ್ತೀ, ನನಗ ತಿಳೀತದ," ಎಂದು ದುಂಡಮ್ಮ ಅವನ ತೋಳು ಸವರಿದಳು. "ನಿನ್ನ ಮನಸು ಒಳ್ಳೇದು ತಮ್ಮಾ. ಆದ್ರ ಫೋಟೋ ಕಣ್ಣ ಮುಂದ ಅದ ಅಲ್ಲ. ನಾ ಹುಚ್ಚಿ, ಏನೇನೋ ಅನಿಸ್ತದ ನನಗ."

ಕೂಸನ್ನು ತೊಟ್ಟಿಲಿಗೆ ಹಾಕಿದರು. ಸೋದರತ್ತೆ ಬಗ್ಗಿ ಅದರ ಕಿವಿಯಲ್ಲಿ ಬೀಗರ ಮನೆಯ ಮುತ್ಯಾನ, ಅಂದರೆ ಅಜ್ಜನ, ಹೆಸರು ಹೇಳಿದಳು, ಮಲ್ಲಣ್ಣ. ಎಲ್ಲರೂ ಅದನ್ನೇ ಕೂಗಿ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು, ನಕ್ಕರು. ದುಂಡಮ್ಮನೂ ಸಕ್ಕರೆ ಹಂಚುತ್ತ ಮಲ್ಲಣ್ಣ ಎಂದೇ ಕರೆದಳು. ಯಾರೋ ಫೋಟೋ ತೆಗಿಯಪಾ ಎಂದರು. ಕಾಶಿರಾಯ ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿದ. ಕಿಂಡಿಯಲ್ಲಿ ಮರೆಪ್ಪನ ಮುಖ ಸ್ಪಷ್ಟವಾಗಿ ಬಂದು ನಿಂತಿತ್ತು. ಅದನ್ನು ಗುರುತಿಸಬಲ್ಲವನು ಆ ಮನೆಯಲ್ಲಿ ಅವನೊಬ್ಬನೇ, ತನ್ನ ಮಾತನ್ನು ಯಾರೂ ನಂಬದಂತೆ ಬೇರೊಂದು ಮುಖವನ್ನು ಗೋಡೆಗೆ ತೂಗುಹಾಕಿದವನೂ ಅವನೇ. ಅವನು ಬಟನ್ ಒತ್ತಿದ.